ಮಂಚ ಬಿಟ್ಟುಕೊಟ್ಟ ಗೆಳತಿ

ಮಕ್ಕಳು ದುಡಿಮೆಗೆಂದು ಹೈದರಾಬಾದಿಗೆ ತೆರಳಿದ ಮೇಲೆ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಒಂಟಿಯಾಗಿ ಉಳಿಯುವ ಹಿರಿಯ ತಾಯಂದಿರನ್ನು ನೆನೆದಾಗ ಸಂತ ಜೀನ್ ಜುಗಾನರ ಬಾಳು ನಮ್ಮ ಕಣ್ಮುಂದೆ ಬರುತ್ತದೆ.

1792ರಲ್ಲಿ ಫ್ರಾನ್ಸಿನ ಕಡಲತಡಿಯ ಕಾಂಕಾಲ್‌ನಲ್ಲಿ ಬೆಸ್ತರ ಮನೆಯಲ್ಲಿ ಜನಿಸಿದ ಈಕೆ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮನೆಗೆಲಸದಿಂದ ಜೀವಿಸಿದರು. ನಡುವಯಸ್ಸಿನಲ್ಲಿ, ತಮಗಿಂತ ಬಹಳ ಹಿರಿಯಳಾದ ಗೆಳತಿ ಫ್ರಾನ್ಸ್ವಾಸ್ ಓಬೇರ್ ಅವರೊಡನೆ ಬಾಡಿಗೆ ಮನೆ ಹಿಡಿದು, ದುಡಿಮೆ, ಪ್ರಾರ್ಥನೆಗಳನ್ನು ಹಂಚಿಕೊಂಡರು. 1839ರ ಚಳಿಗಾಲದಲ್ಲಿ ಕಣ್ಣು ಕಾಣದ ವೃದ್ಧೆ ಆನ್ ಶೋವಾನರನ್ನು ಕರೆತಂದು, ತಮ್ಮ ಮಂಚವನ್ನೇ ಅವರಿಗಿತ್ತು, ತಾವು ಅಟ್ಟದಲ್ಲಿ ಮಲಗಿದರು. ಬಡವರ ಕಿರಿಯ ಸಹೋದರಿಯರ ಸಭೆ ಬೆಳೆದದ್ದು ಹೀಗೆ.

ಆದರೆ 1843ರಲ್ಲಿ ಗುರುವೊಬ್ಬರು ಅವರನ್ನು ನಾಯಕತ್ವದಿಂದ ಇಳಿಸಿದರು. ಕೊನೆಯ 27 ವರ್ಷಗಳನ್ನು ಅವರು ತೆರೆಮರೆಯಲ್ಲಿ, ಎಳೆಯ ಸಹೋದರಿಯರ ಒಡನಾಟದಲ್ಲಿ ಕಳೆದರು. ತಾವೇ ಸ್ಥಾಪಕಿಯೆಂದು ವಾದಿಸಲಿಲ್ಲ. 1879ರಲ್ಲಿ ದೈವಾಧೀನರಾದ ಅವರಿಗೆ 2009ರಲ್ಲಿ ಸಂತಪದವಿ ದೊರೆಯಿತು.

ಇಂದು ಸಿಕಂದರಾಬಾದ್, ಬೆಂಗಳೂರುಗಳಲ್ಲಿಯೂ ಈ ಸಭೆಯ ವೃದ್ಧಾಶ್ರಮಗಳಿವೆ. ಆದರೆ ಆಶ್ರಮಕ್ಕಿಂತ ಮೊದಲು ಇದ್ದದ್ದು ಗೆಳತಿಯರಿಬ್ಬರ ಬಾಡಿಗೆ ಮನೆ. ಅಂತಹ ಗೆಳೆತನಕ್ಕೆ ಸಿರಿತನ ಬೇಕಿಲ್ಲ. ಈ ಭಾನುವಾರ ಬಲಿಪೂಜೆ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ತಾಯಿಯೊಬ್ಬರ ಜೊತೆ ನಾಲ್ಕು ಹೆಜ್ಜೆ ನಡೆಯೋಣ.