ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ನೀಡಿದ ಡಾ. ಚಾರ್ಲ್ಸ್ ಹಗಿನ್ಸ್: ಜೀವನ ಪರಿಚಯ

ಪುರುಷರ ಮೂತ್ರಕೋಶದ ಕೆಳಭಾಗದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯು ವೀರ್ಯಾಣುಗಳನ್ನು ಹೊತ್ತೊಯ್ಯುವ ದ್ರವದ ಒಂದು ಭಾಗವನ್ನು ಸ್ರವಿಸುತ್ತದೆ. ವಯಸ್ಸಾದಂತೆ ಇದೇ ಗ್ರಂಥಿಯಲ್ಲಿ ಕ್ಯಾನ್ಸರ್ ಉಂಟಾಗುವ ಸಂಭವವಿರುತ್ತದೆ. ವೀರ್ಯಾಣುಗಳ ಉತ್ಪತ್ತಿಗೆ ಅಗತ್ಯವಾದ ವೃಷಣದ ಹಾರ್ಮೋನೇ ಈ ಕ್ಯಾನ್ಸರ್ ಕೋಶಗಳನ್ನೂ ಪೋಷಿಸುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಡಾ. ಚಾರ್ಲ್ಸ್ ಹಗಿನ್ಸ್‌ರವರು. ಇವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಹಗಿನ್ಸ್‌ರವರು ದಿನಾಂಕ 22-09-1901ರಂದು ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದರು. 1920ರಲ್ಲಿ ಅಕೇಡಿಯಾ ವಿಶ್ವವಿದ್ಯಾಲಯದ ಪದವಿಯನ್ನೂ, 1924ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿಯನ್ನೂ ಪಡೆದರು. 1927ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗವನ್ನು ಸೇರಿ, ಮೂತ್ರರೋಗ ಚಿಕಿತ್ಸೆಯ ಹೊಣೆಯನ್ನು ವಹಿಸಿಕೊಂಡರು.

ಸಂಶೋಧನೆ

ನಾಯಿಗಳ ಪ್ರಾಸ್ಟೇಟ್ ದ್ರವವನ್ನು ಮೂತ್ರದೊಡನೆ ಬೆರೆಯದಂತೆ ಸಂಗ್ರಹಿಸಿ ಅಳೆಯುವ ವಿಧಾನವನ್ನು ಅವರು ರೂಪಿಸಿದರು. ವೃಷಣಗಳನ್ನು ತೆಗೆದಾಗ ಗ್ರಂಥಿ ಕುಗ್ಗಿ ದ್ರವ ಬತ್ತುತ್ತಿತ್ತು. ವೃಷಣದ ಹಾರ್ಮೋನಾದ ಟೆಸ್ಟೋಸ್ಟಿರಾನ್ ನೀಡಿದಾಗ ಮರಳಿ ಸ್ರವಿಸುತ್ತಿತ್ತು.

ಕ್ಯಾನ್ಸರ್ ಕೋಶಗಳು ದೇಹದ ಯಾವ ಕಟ್ಟಳೆಗೂ ಒಳಪಡುವುದಿಲ್ಲ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. 1941ರಲ್ಲಿ ಹಗಿನ್ಸ್‌ರವರು ತಮ್ಮ ಸಹೋದ್ಯೋಗಿ ಕ್ಲಾರೆನ್ಸ್ ಹಾಡ್ಜಸ್ ಮುಂತಾದವರೊಡನೆ, ಪ್ರಾಸ್ಟೇಟ್ ಕ್ಯಾನ್ಸರ್ ಉಲ್ಬಣಗೊಂಡಿದ್ದ 21 ರೋಗಿಗಳ ವೃಷಣಗಳನ್ನು ತೆಗೆದ ಫಲಿತಾಂಶಗಳನ್ನು ಪ್ರಕಟಿಸಿದರು. ಹಲವರ ಮೂಳೆನೋವು ಶಮನವಾಗಿ ಹಸಿವು ಮರಳಿತು. ರೋಗ ಹರಡಿದಾಗ ರಕ್ತದಲ್ಲಿ ಏರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವು ಈ ಚಿಕಿತ್ಸೆಯಿಂದ ಇಳಿಯುವುದನ್ನೂ ಅವರು ದಾಖಲಿಸಿದರು.

ಆದರೆ ಅನೇಕರಲ್ಲಿ ಕಾಯಿಲೆ ಮರುಕಳಿಸಿತು. ಅಡ್ರಿನಲ್ ಗ್ರಂಥಿಗಳಿಂದಲೂ ಇಂತಹ ಹಾರ್ಮೋನು ಬರುವುದರಿಂದ 1945ರಲ್ಲಿ ಅವುಗಳನ್ನು ತೆಗೆದು ನೋಡಿದರು. ಆಗ ಕಾರ್ಟಿಸೋನ್ ಔಷಧ ಲಭ್ಯವಿಲ್ಲದ ಕಾರಣ ಆ ಪ್ರಯತ್ನ ಫಲಿಸಲಿಲ್ಲ. 1950ರ ದಶಕದಲ್ಲಿ ಕಾರ್ಟಿಸೋನ್ ದೊರೆತ ಮೇಲೆ ಇದೇ ಮಾರ್ಗವನ್ನು ಸ್ತನ ಕ್ಯಾನ್ಸರ್‌ಗೂ ಅನ್ವಯಿಸಿದರು.

ಗೌರವ

1966ರಲ್ಲಿ ಪೇಟನ್ ರೌಸ್‌ರವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಹಗಿನ್ಸ್‌ರವರು, ದಿನಾಂಕ 12-01-1997ರಂದು ಶಿಕಾಗೋದಲ್ಲಿ 95ನೇ ವಯಸ್ಸಿನಲ್ಲಿ ನಿಧನರಾದರು. ಟೆಸ್ಟೋಸ್ಟಿರಾನ್ ಉತ್ಪತ್ತಿಯನ್ನು ಚುಚ್ಚುಮದ್ದಿನಿಂದ ತಡೆಯುವ ಹಾಗೂ ಕ್ಯಾನ್ಸರ್ ಕೋಶವು ಅದರ ಸಂಕೇತವನ್ನು ಸ್ವೀಕರಿಸದಂತೆ ಮಾಡುವ ಇಂದಿನ ಔಷಧಗಳಿಗೆ ಅವರ ಸಂಶೋಧನೆಯೇ ಬುನಾದಿ.

ನಾಗರಿಕರ ಗಮನಕ್ಕೆ

ಗುಡಗೇರಿ ಹಾಗೂ ಸುತ್ತಲಿನ ಗ್ರಾಮಗಳ ಹಿರಿಯರು ಮೂತ್ರ ಸಲೀಸಾಗಿ ಹೋಗದಿದ್ದಲ್ಲಿ, ರಾತ್ರಿ ಪದೇ ಪದೇ ಏಳಬೇಕಾಗಿದ್ದಲ್ಲಿ, ಮೂತ್ರದಲ್ಲಿ ರಕ್ತ ಕಂಡಲ್ಲಿ ಅಥವಾ ಸೊಂಟದ ಮೂಳೆನೋವು ಬಿಡದಿದ್ದಲ್ಲಿ, ವಯಸ್ಸಿನ ಸಹಜ ತೊಂದರೆಯೆಂದು ಸುಮ್ಮನಿರದೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು. ಇಂತಹ ಲಕ್ಷಣಗಳಿಗೆ ಕ್ಯಾನ್ಸರ್ ಅಲ್ಲದ ಕಾರಣಗಳೇ ಹೆಚ್ಚು. ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ. ಹಾರ್ಮೋನ್ ಚಿಕಿತ್ಸೆಯಿಂದ ವೀರ್ಯಾಣುಗಳ ಉತ್ಪತ್ತಿ ಕುಗ್ಗುವುದರಿಂದ, ಮಕ್ಕಳನ್ನು ಬಯಸುವವರು ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸುವುದು ಸೂಕ್ತ. ಈ ವಿಷಯದಲ್ಲಿ ಸಂಕೋಚಪಡುವ ಅಗತ್ಯವಿರುವುದಿಲ್ಲ.