ದೇಶ ಸುತ್ತಿದ ಇಬ್ನ್ ಬತೂತ

ದೇಶ ಸುತ್ತಿ, ಲೋಕಕ್ಕೆ ಕೋಶವನ್ನೂ ಕೊಟ್ಟುಹೋದವರಲ್ಲಿ ಇಬ್ನ್ ಬತೂತನೆಂದರೆ ನನಗೆ ಬಲು ಮೆಚ್ಚು. 1304ರಲ್ಲಿ ಟಾಂಜಿಯರಿನಲ್ಲಿ ಹುಟ್ಟಿ, 1325ರಲ್ಲಿ ಮಕ್ಕಾ ಯಾತ್ರೆಗೆಂದು ಹೊರಟವನು ಮೊರಾಕ್ಕೋ ದೇಶಕ್ಕೆ ಮರಳಿದ್ದು 1349ರಲ್ಲಿ! ನಡುವೆ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನಿಂದ ಕಾಜಿಯ ಪದವಿ ಪಡೆದನು. ನಮ್ಮ ಮಂಗಳೂರು, ಹೊನ್ನಾವರಗಳನ್ನೂ ಕಂಡನು. ಹೊನ್ನಾವರದಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಶಾಲೆಗಳಿದ್ದುವೆಂದು ಲೆಕ್ಕ ಕೊಡುತ್ತಾನೆ. ಪಶ್ಚಿಮ ಕಡಲಿನಲ್ಲಿ ಕಳ್ಳರು ಅವನ ಸರ್ವಸ್ವವನ್ನೂ ದೋಚಿದಾಗ, ಬುಖಾರದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳೂ ಹೋದುವು. ಕೊನೆಗೆ ಸುಲ್ತಾನನ ಆಜ್ಞೆಯಂತೆ ಬಹುಮಟ್ಟಿಗೆ ನೆನಪಿನಿಂದಲೇ ಹೇಳುತ್ತ ಹೋದನು. ಇಬ್ನ್ ಜುಝೈ ಎಂಬ ವಿದ್ವಾಂಸನು ಬರೆದುಕೊಂಡನು. 1355ರಲ್ಲಿ ಹೇಳಿ ಮುಗಿಸಿದ ಆ ಗ್ರಂಥದಲ್ಲಿ ಹಿಂದಿನ ಯಾತ್ರಿಕ ಇಬ್ನ್ ಜುಬೈರನ ಮಾತುಗಳೂ ಸೇರಿಕೊಂಡಿವೆ. ಇದು ದೋಷವೇ ಸರಿ. ಆದರೂ ಪರನಾಡಿನ ಶಾಲೆಗಳನ್ನು ಎಣಿಸಿ ನೆನಪಿಟ್ಟವನ ಕಣ್ಣು ಎರವಲಿನದಲ್ಲವೆಂದೇ ನನ್ನ ನಂಬಿಕೆ.