ಬಣ್ಣದ ವಿಷಯದಲ್ಲಿ ಸಿ.ವಿ. ರಾಮನ್ ಎಡವಿದ್ದೆಲ್ಲಿ?

ಪಾಂಡವಪುರದ ಕಬ್ಬಿನ ಗದ್ದೆಯಲ್ಲಿ ಮಟಮಟ ಮಧ್ಯಾಹ್ನ ಮೊಬೈಲ್ ತೆರೆದರೆ ಕೆಲವು ಆ್ಯಪ್‌ಗಳ ಅಕ್ಷರಗಳೇ ಕಾಣುವುದಿಲ್ಲ. ಬಿಳಿಯ ಮೇಲೆ ತಿಳಿ ಬೂದು, ಇಲ್ಲವೇ ಹಳದಿ. ಕಣ್ಣು ಕುಕ್ಕುವ ಬಣ್ಣ ಹಾಕಿದರೆ ಓದಲು ಸುಲಭ ಎಂಬ ನಂಬಿಕೆ ಅನೇಕರಲ್ಲಿದೆ. ಅದು ನಿಜವಲ್ಲ. ಆ್ಯಪ್ ವಿನ್ಯಾಸ ಮಾಡುವವರು ಈಗ ಇದನ್ನು ಲೆಕ್ಕ ಹಾಕಿಯೇ ನೋಡುತ್ತಾರೆ. ಆ ಲೆಕ್ಕದ ಬುಡದಲ್ಲಿರುವ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪದೇ ಹೋದವರಲ್ಲಿ ಬೆಂಗಳೂರಿನಲ್ಲೇ ಇದ್ದ ಒಬ್ಬ ದೊಡ್ಡ ವಿಜ್ಞಾನಿಯೂ ಇದ್ದರು: ಚಂದ್ರಶೇಖರ ವೆಂಕಟರಾಮನ್.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ ಸರ್ಕಾರಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿ, ಉಳಿದ ಹೊತ್ತು ಪ್ರಯೋಗಾಲಯ. 1917ರಲ್ಲಿ ಒಳ್ಳೆಯ ಸಂಬಳದ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಮುದ್ರದ ನೀಲಿ ಅವರನ್ನು ಹಿಡಿದಿಟ್ಟಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ಆಗ ನಂಬಿದ್ದರು (ಇಂದಿಗೂ ಹಾಗೆ ಹೇಳುವವರಿದ್ದಾರೆ). ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ತೋರಿಸಿದರು. ಅದೇ ಜಾಡಿನಲ್ಲಿ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1948ರ ನಂತರ ತಮ್ಮದೇ ಸಂಸ್ಥೆ, ತಮ್ಮದೇ ತೋಟ. ಗುಲಾಬಿ ಎಂದರೆ ಅವರಿಗೆ ಪ್ರಾಣ. ಹೂವಿನ ಬಣ್ಣದ ಬೆನ್ನು ಹತ್ತಿ, ಇಳಿವಯಸ್ಸಿನಲ್ಲಿ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಇಳಿದರು. 1968ರಲ್ಲಿ, ಎಂಬತ್ತರ ಅಂಚಿನಲ್ಲಿ, ದೃಷ್ಟಿಯ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು.

ಎಡವಿದ್ದು ಇಲ್ಲೇ. ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದು, ಅವುಗಳ ಸಂಕೇತಗಳಿಂದಲೇ ಎಲ್ಲ ಬಣ್ಣಗಳೂ ಮೂಡುತ್ತವೆ ಎಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಸಿದ್ಧಾಂತವನ್ನು ಅವರು ತಳ್ಳಿಹಾಕಿದರು. ಆ ವೇಳೆಗಾಗಲೇ, 1964ರಲ್ಲಿ, ಅಮೆರಿಕದ ಪ್ರಯೋಗಾಲಯಗಳು ಒಂಟಿ ಶಂಕುಕೋಶಗಳನ್ನೇ ಅಳೆದು ಮೂರು ಬಗೆ ಇರುವುದನ್ನು ಕಂಡಿದ್ದವು. ರಾಮನ್ ಒಪ್ಪಲಿಲ್ಲ. ತಮ್ಮ ಕಣ್ಣಿನ ಮೇಲೆ ಅವರಿಗಿದ್ದ ಅಪಾರ ಭರವಸೆಯೇ ಇಲ್ಲಿ ಅಡ್ಡ ಬಂತು ಎಂದು ನಮಗನ್ನಿಸುತ್ತದೆ. ಕೋಶದೊಳಗೆ ಏನಿದೆ ಎಂಬುದು ಹೂವನ್ನು ಎಷ್ಟು ದಿಟ್ಟಿಸಿದರೂ ತಿಳಿಯುವಂಥದ್ದಲ್ಲ. 1970ರ ನವೆಂಬರ್ 21ರಂದು ತೀರಿಕೊಂಡ ಅವರ ಅಂತ್ಯಕ್ರಿಯೆ ಆ ತೋಟದಲ್ಲೇ ನಡೆಯಿತು.

ಮೂರು ಬಗೆಯ ಕೋಶಗಳನ್ನು ಒಪ್ಪಿದರೆ ಲೆಕ್ಕ ಸರಳ. ಪರದೆಯ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. 2008ರಲ್ಲಿ ಬಂದ ಜಾಲತಾಣಗಳ ಸುಗಮ ಬಳಕೆಯ ಮಾರ್ಗಸೂಚಿ ಇದನ್ನೇ ಬಳಸಿ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕೇಳುತ್ತದೆ: ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3. ಬಿಳಿಯ ಮೇಲೆ ಕಪ್ಪಿಗೆ 21. ಬಿಳಿಯ ಮೇಲೆ ನೀಲಿಗೆ 8.6, ಕೆಂಪಿಗೆ 4, ಹಸಿರಿಗೆ 1.4, ಹಳದಿಗೆ 1.07. ಹಸಿರಿನ ಮೇಲೆ ಕೆಂಪು ಎಷ್ಟೇ ಎದ್ದು ಕಂಡರೂ 2.9 ಮಾತ್ರ. ಕೆಂಪು ಹಸಿರಿನ ಭೇದ ತಿಳಿಯದವರಿಗೆ, ಪೊರೆ ಬಂದ ಕಣ್ಣಿನ ಹಿರಿಯರಿಗೆ ಇದೊಂದು ಒಗಟು. ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಅಂಗಡಿಯ ಆ್ಯಪ್ ಮಾಡಿಸುವವರು ವಿನ್ಯಾಸಕಾರರಿಗೆ ಈ ಅಂಕಿ ಕೇಳಬಹುದು. ಬೂದು ಬಣ್ಣವೇ ಬೇಕೆಂದರೆ, ಬಿಳಿಯ ಮೇಲೆ 767676 ಸಂಕೇತದ್ದು 4.54 ಪಡೆದು ಪಾಸಾಗುತ್ತದೆ, ಕೂದಲೆಳೆಯಷ್ಟು ತಿಳಿಯಾದ 777777 ಫೇಲಾಗುತ್ತದೆ.